ಜರ್ಮನಿ ಪಿಂಚಣಿಯ ಸೊನ್ನೆ

2003ರ ಮಾರ್ಚ್. ಬಿಟಿಎಂ ಲೇಔಟಿನ ಮೊದಲ ಮಹಡಿಯಲ್ಲಿ ಅಮೆರಿಕದವರ ತೆರಿಗೆ ರಿಟರ್ನ್ ತುಂಬಿಕೊಡುವ ಆ ಆಫೀಸಿನಲ್ಲಿ ಸೋಮವಾರ ಬೆಳಿಗ್ಗೆ ನಾಪತ್ತೆಯಾದದ್ದು ಒಬ್ಬ ಮುದುಕಿಯ ಪಿಂಚಣಿ. ಓಹಾಯೋದಲ್ಲಿದ್ದ ಆ ವಿಧವೆಗೆ ಜರ್ಮನಿ ಸರ್ಕಾರ ಗಂಡನ ಹೆಸರಿನಲ್ಲಿ ತಿಂಗಳು ತಿಂಗಳೂ ಹಣ ಕಳಿಸುತ್ತಿತ್ತು. ಅದನ್ನು ಅಮೆರಿಕದ ತೆರಿಗೆ ರಿಟರ್ನಿನಲ್ಲಿ ತೋರಿಸಲೇಬೇಕು. ಜರ್ಮನಿಯ ಕಾಗದ ಫೈಲಿನಲ್ಲಿ ಭದ್ರವಾಗಿತ್ತು. ರಿಟರ್ನಿನಲ್ಲಿ ಮಾತ್ರ ಹಣದ ಸುಳಿವಿಲ್ಲ. ಸಹಿಗೆ ಹೋದ ಪ್ರತಿ ನೋಡಿ ಮುದುಕಿಯೇ ಕೇಳಿದ್ದಳು — ನನ್ನ ಪಿಂಚಣಿ ಎಲ್ಲಿ?

ಮಾಲೀಕ ಅನಂತರಾಮುಗೆ ಮೂಗಿನ ತುದಿಯಲ್ಲೇ ಕೋಪ. ರಿಟರ್ನ್ ತುಂಬಿದ ಸಿದ್ದಾರೂಢನನ್ನು ಅಂದೇ ಕೆಲಸದಿಂದ ತೆಗೆದರು. "ನಾ ಹಾಕೀನ್ರಿ ಸಾರ್" ಎಂದ ಅವನ ಮಾತು ಯಾರ ಕಿವಿಗೂ ಬೀಳಲಿಲ್ಲ. ಗದಗಿನಿಂದ ಬಂದವನಿಗೆ ಇದು ಮೊದಲ ಆಫೀಸು. ಇಲ್ಲಿಂದ ಕೆಟ್ಟ ಹೆಸರು ಹೊತ್ತು ಹೋದರೆ ಈ ಕಸುಬಿನಲ್ಲಿ ಮತ್ತೆ ಯಾರು ಸೇರಿಸಿಕೊಳ್ಳುತ್ತಾರೆ?

ಬುಧವಾರ ಕಾತ್ಯಾಯಿನಿ ಆ ಫೈಲು ಕೇಳಿದರು. ಜಯನಗರದವರು, ಬ್ಯಾಂಕಿನ ಆಡಿಟ್ ವಿಭಾಗದಿಂದ ನಿವೃತ್ತಿಯಾಗಿ ಇಲ್ಲಿನ ಹುಡುಗರಿಗೆ ಕೆಲಸ ಕಲಿಸಲು ಬರುತ್ತಿದ್ದವರು. ತಪ್ಪು ಹುಡುಕುವುದರಲ್ಲಿ ಎತ್ತಿದ ಕೈ. ಸಿದ್ದಾರೂಢ ಹೋದಾಗಿನಿಂದ ಅವರಿಗೆ ಊಟ ಸೇರಿರಲಿಲ್ಲ.

"ಮುಗಿದ ಕಥೆ ಬಿಡಿ ಮೇಡಂ," ಎಂದರು ಅನಂತರಾಮು.

"ಮುಗಿಸಿದ್ದು ನೀವು. ಪಿಂಚಣಿ ಸಾಲಲ್ಲಿ ಏನಿದೆ?"

"ಸೊನ್ನೆ."

"ಮೇಲಿನ ಸಾಲು?"

"ಖಾಲಿ. ಕೆಳಗಿಂದೂ ಖಾಲಿ. ಏನೀಗ?"

"ಮರೆತವನು ಖಾಲಿ ಬಿಡ್ತಾನೆ. ಇಲ್ಲಿ ಯಾರೋ ಬೇಕು ಅಂತಲೇ ಸೊನ್ನೆ ಕುಟ್ಟಿದ್ದಾರೆ. ಪಿಂಚಣಿ ಇದೆ, ಆದ್ರೆ ತೆರಿಗೆ ಇಲ್ಲ ಅಂತ ನಂಬಿದವರು."

"ಸಿದ್ದಾರೂಢನ ಪಾಸ್‌ವರ್ಡೇ ಇದೆಯಲ್ಲ?"

"ಒಂದು ಪಾಸ್‌ವರ್ಡಲ್ಲಿ ಮೂರು ಜನ ಕೆಲಸ ಮಾಡ್ತಾರೆ. ಖರ್ಚು ಉಳಿಯುತ್ತೆ ಅಂತ ನೀವೇ ಮಾಡಿಸಿದ್ದು."

ಅನಂತರಾಮು ಫೈಲು ಮುಚ್ಚಿ ಅವರ ಕೈಗೆ ಕೊಟ್ಟರು.

ಸಿದ್ದಾರೂಢನ ಬಳಿಕ ಆ ರಿಟರ್ನ್ ತಾಳೆ ನೋಡಿದವಳು ರಾಜಶ್ರೀ. ವಾರದ ರಜೆ ಮುಗಿಸಿ ಬಾದಾಮಿಯಿಂದ ಅಂದು ಬೆಳಿಗ್ಗೆಯಷ್ಟೇ ಬಸ್ಸಿಳಿದಿದ್ದಳು. ನಡೆದದ್ದೊಂದೂ ಅವಳಿಗೆ ಗೊತ್ತಿರಲಿಲ್ಲ.

"ನೀನು ನೋಡಿದಾಗ ಪಿಂಚಣಿ ಇತ್ತಾ?" ಕಾತ್ಯಾಯಿನಿ ಕೇಳಿದರು.

"ಇತ್ರಿ ಮೇಡಂ. ಸಿದ್ದಾರೂಢ ಹಾಕಿದ್ದ. ನಾನೇ ತಗದು ಸೊನ್ನಿ ಹಾಕೀನಿ." ದನಿಯಲ್ಲಿ ಅಳುಕಿಲ್ಲ. "ಯಾಕ್ರಿ, ತಪ್ಪಾತೇನು?"

"ಹಾಗೆ ಮಾಡು ಅಂತ ಯಾರು ಹೇಳಿದ್ದು?"

ಹುಡುಗಿ ಬೆರಗಾಗಿ ನೋಡಿದಳು. "ನೀವೇ ಹೇಳಿದ್ರಲ್ರಿ."

ಕಾತ್ಯಾಯಿನಿಗೆ ನೆನಪಾಯಿತು. ಹೌದು, ಹೇಳಿದ್ದರು. ಹದಿನೈದು ದಿನದ ಹಿಂದೆ, ಕಾಫಿ ಹೊತ್ತಿನಲ್ಲಿ, ಇದೇ ಹುಡುಗಿ ಕೇಳಿದ್ದಳು — ಗಂಡ ಸತ್ತವ್ರಿಗೆ ಸರ್ಕಾರ ಕೊಡೋ ಪಿಂಚಣಿಗೆ ಟ್ಯಾಕ್ಸ್ ಐತೇನ್ರಿ? ಅವಳ ತಾಯಿ ಯಲ್ಲವ್ವನಿಗೆ ವಿಧವಾ ವೇತನ ಬರುವುದು ಕಾತ್ಯಾಯಿನಿಗೆ ಗೊತ್ತಿತ್ತು. ಯಾವ ದೇಶ, ಯಾರ ಪಿಂಚಣಿ ಎಂದು ವಿಚಾರಿಸಲೂ ಇಲ್ಲ. "ಅದಕ್ಕೆಲ್ಲಿಯ ತೆರಿಗೆ ಮಗು? ಸೊನ್ನೆ ಅಂತಿಟ್ಕೋ" ಎಂದು ಬೆನ್ನು ತಟ್ಟಿ, ಕಾಫಿ ಕುಡಿದು ಎದ್ದಿದ್ದರು. ಈಗ ಅದನ್ನು ನೆನೆದರೆ ನಾಚಿಕೆಯಾಗುತ್ತಿತ್ತು.

ಅನಂತರಾಮುವಿನ ಮುಂದೆ ಅವರು ಏನನ್ನೂ ಮುಚ್ಚಿಡಲಿಲ್ಲ.

"ಎರಡು ದೇಶಕ್ಕೂ ಒಪ್ಪಂದ ಇದೆ. ಆ ದುಡ್ಡಿಗೆ ಜರ್ಮನಿ ತೆರಿಗೆ ಹಾಕಲ್ಲ. ಆಕೆ ಅಮೆರಿಕದಲ್ಲಿರೋದ್ರಿಂದ ಅಲ್ಲಿನ ಸೋಷಿಯಲ್ ಸೆಕ್ಯುರಿಟಿ ಪಿಂಚಣಿ ಥರಾನೇ ತೋರಿಸಬೇಕು. ಇಷ್ಟು ಹೇಳೋಕೆ ನಂಗೆ ಒಂದು ನಿಮಿಷ ಸಾಕಿತ್ತು. ಹುಡುಗಿ ಕೇಳಿದ್ದು ಕೆಲಸದ ಪ್ರಶ್ನೆ. ಬಡವರ ಮನೆಯವಳು, ತಾಯಿ ವಿಷಯ ಬಿಟ್ಟು ಇನ್ನೇನು ಕೇಳ್ತಾಳೆ ಅಂದ್ಕೊಂಡೆ. ಅಪರಾಧಿ ನಾನೇ, ಅನಂತರಾಮು."

ಅನಂತರಾಮು ಫೋನನ್ನು ಅವರತ್ತ ಸರಿಸಿದರು. ಸಿದ್ದಾರೂಢ ಬಾಡಿಗೆಗಿದ್ದ ತಿಲಕ್ ನಗರದ ಮನೆಯ ಮಾಲೀಕರು ಫೋನೆತ್ತಿ ಅವನನ್ನು ಕೂಗಿ ಕರೆದರು. ಕಾತ್ಯಾಯಿನಿ ಹೇಳಿದ್ದನ್ನೆಲ್ಲ ಅವನು ಕೇಳಿಸಿಕೊಂಡ.

"ನಾಳೆನೇ ಬಾಪ್ಪ. ತಪ್ಪು ನಂದು ಅಂತ ಎಲ್ಲರ ಮುಂದೆ ಹೇಳ್ತೀನಿ."

"ಬ್ಯಾಡ್ರಿ ಮೇಡಂ."

"ಯಾಕಪ್ಪಾ?"

"ತಪ್ಪು ಯಾರಿಗೂ ಆಗತೈತ್ರಿ. ಆದ್ರ ಸಾರ್ ನನಗ ಬೈಯುವಾಗ ನೀವು ಬಾಜೂಕೇ ಕುಂತಿದ್ರಿ. ಕೆಲಸ ಕಲಿಸಿದಾಕಿ ನೀವು. ನಾ ಎಂಥಾವ ಅಂತ ನಿಮಗ ಗೊತ್ತಿತ್ತು."

ಅವನು ನಮಸ್ಕಾರ ಹೇಳಿ ಫೋನಿಟ್ಟ.