ದುಪಟ್ಟಾದ ಮೇಲಿನ ಕೆಂಪು ಕಲೆ

"ಇದೇನಿದು?"

ಕಾಶೀರಾಮ ಸರ್ ಸ್ಕೇಲಿನ ತುದಿಯಿಂದ ನಾಹೀದಳ ಬಿಳಿ ದುಪಟ್ಟಾ ತೋರಿಸಿದರು. ಅಲ್ಲಿ ಮೂರು ಕೆಂಪು ಕಲೆಗಳಿದ್ದವು.

"ಗೊತ್ತಿಲ್ರಿ ಸರ್."

"ದುಪಟ್ಟಾ ನಿಂದು. ನಿನಗ ಗೊತ್ತಿಲ್ಲ?"

ಏಳನೇ ತರಗತಿಯೆಲ್ಲ ಅವಳತ್ತಲೇ ನೋಡುತ್ತಿತ್ತು. ಔರಾದಿನ ಆ ಶಾಲೆಯಲ್ಲಿ ಕುಡಿಯುವ ನೀರಿನ ನಲ್ಲಿಯ ಹಿಂದಿನ ಗೋಡೆಗೆ ಗುರುವಾರವಷ್ಟೇ ಸುಣ್ಣ ಬಳಿದಿದ್ದರು. ಇವತ್ತು ಬೆಳಿಗ್ಗೆ ಅದರ ಮೇಲೆ ಯಾರೋ ಪಾನ್ ತಿಂದು ಉಗುಳಿದ್ದರು. ಶನಿವಾರವಾದ್ದರಿಂದ ಎಲ್ಲರದೂ ಬಿಳಿ ಯೂನಿಫಾರ್ಮ್.

"ಸರ್, ಅಕಿ ಅಬ್ಬಾಂದು ಬಸ್‌ಸ್ಟ್ಯಾಂಡಿನಾಗ ಪಾನ್‌ಶಾಪ್ ಅದರಿ," ಹಿಂದಿನಿಂದ ಒಂದು ದನಿ ಬಂತು.

"ಅಕಿಗಿ ಪಾನ್ ಫ್ರೀ," ಎಂದು ಇನ್ನೊಂದು ದನಿ. ನಾಲ್ಕೈದು ಮಂದಿ ನಕ್ಕರು.

"ನಾನೂ ಅದೇ ಅನ್ಕೊಂಡಿದ್ದೆ," ಎಂದರು ಸರ್.

ನಾಹೀದಳ ಕಿವಿ ಬಿಸಿಯಾಯಿತು. ಅಬ್ಬಾ ತಾವೇ ಪಾನ್ ತಿನ್ನುತ್ತಿರಲಿಲ್ಲ. ಹೈಸ್ಕೂಲ್ ಹುಡುಗರು ಕೇಳಿದರೆ, "ಮೊದಲ ಮೀಸಿ ಬರಲಿ, ಆಮ್ಯಾಲ ಬಾ," ಎಂದು ಓಡಿಸುತ್ತಿದ್ದರು. ಅದನ್ನೆಲ್ಲ ಹೇಳಬೇಕೆಂದುಕೊಂಡಳು. ಬಾಯಿಗೆ ಬಂದದ್ದು ಬೇರೆಯೇ ಮಾತು.

"ನಾನಲ್ರಿ ಸರ್. ಅಮಿತಕುಮಾರನ ಹಲ್ಲು ನೋಡ್ರಿ. ಅವನಿಗಿ ಕೇಳ್ರಿ."

ಕೊನೆಯ ಬೆಂಚಿನ ಅಮಿತಕುಮಾರ ತಟ್ಟನೆ ಬಾಯಿ ಮುಚ್ಚಿಕೊಂಡ. ಅವನ ಹಲ್ಲುಗಳ ಮೇಲೆ ಕಂದು ಪಟ್ಟೆಗಳಿದ್ದವು.

ಸರ್ ಬೋರ್ಡಿನ ಮೂಲೆಯಲ್ಲಿ "ಗೋಡೆ ಹೊಲಸು ಮಾಡಿದವರು" ಎಂದು ಬರೆದರು. ಕೆಳಗೆ ಎರಡು ಹೆಸರು: ನಾಹೀದ, ಅಮಿತಕುಮಾರ. ಆಮೇಲೆ ಮೇಜಿನ ಮೇಲಿನ ಹಾಳೆ ಎತ್ತಿಕೊಂಡರು. ಸೋಮವಾರ ಬೀದರದಲ್ಲಿ ವಿಜ್ಞಾನ ಪ್ರದರ್ಶನವಿತ್ತು. ಶಾಲೆಯಿಂದ ಹೋಗುವವರು ಇಬ್ಬರೇ, ಐಶ್ವರ್ಯಾ ಮತ್ತು ನಾಹೀದ. ಸರ್ ಎರಡನೇ ಹೆಸರಿನ ಮೇಲೆ ಗೆರೆ ಎಳೆದರು.

"ಬೀದರ ಗೀದರ ಏನೂ ಇಲ್ಲ. ಇಬ್ಬರೂ ಬ್ಯಾಗ್ ತೊಗೊಂಡು ಹೊರಗ ನಿಲ್ಲರಿ."

ವರಾಂಡಾದಲ್ಲಿ ಇಬ್ಬರೂ ಎರಡು ಕಂಬಗಳಿಗೆ ಒರಗಿ ನಿಂತರು.

"ನಾ ಪಾನ್ ತಿನ್ನಂಗಿಲ್ಲ," ಅಮಿತ ಮೆಲ್ಲಗೆ ಹೇಳಿದ. "ಬೋರಿನ ನೀರಿಗಿ ಹಿಂಗ ಆಗ್ತದ. ನಮ್ಮೂರಾಗ ಎಲ್ಲಾರ ಹಲ್ಲೂ ಹಿಂಗೇ ಅವ."

ನಾಹೀದ ಕಿವಿಗೆ ಹಾಕಿಕೊಳ್ಳಲಿಲ್ಲ. ನಿನ್ನೆ ಸಂಜೆಯೆಲ್ಲ ಕೂತು ಪ್ರದರ್ಶನಕ್ಕೆಂದು ಅರಿಶಿನ ಹಚ್ಚಿದ ಕಾಗದದ ಪಟ್ಟಿಗಳನ್ನು ಮಾಡಿದ್ದಳು. ಎಲ್ಲ ದಂಡ. ಸಿಟ್ಟಿನಿಂದ ಬ್ಯಾಗಿನೊಳಗಿನ ಡಬ್ಬಿ ತೆಗೆದಳು. ಪಟ್ಟಿಗಳನ್ನು ಹರಿದು ಎಸೆಯಬೇಕೆಂದುಕೊಂಡಳು.

ಹಳದಿ ಪಟ್ಟಿಗಳ ನಡುವೆ ಒಂದು ಕೆಂಪು ಪಟ್ಟಿ ಇತ್ತು. ಸೋಪಿನ ನೀರಲ್ಲಿ ಅದ್ದಿ ನೋಡಿದ್ದು.

ಅವಳು ಪಟ್ಟಿ ನೋಡಿದಳು. ದುಪಟ್ಟಾ ನೋಡಿದಳು. ಎರಡೂ ಒಂದೇ ಕೆಂಪು.

ನಿನ್ನೆ ಅರಿಶಿನದ ಬಟ್ಟಲಿನಿಂದ ದುಪಟ್ಟಾಕ್ಕೆ ಹನಿ ಸಿಡಿದಿತ್ತು. ಅಮ್ಮೀ ಸೋಪು ಹಚ್ಚಿ ತಿಕ್ಕಿದ್ದರು. ನಲ್ಲಿಯಲ್ಲಿ ನಾಲ್ಕು ದಿನದಿಂದ ನೀರಿಲ್ಲ. ಒಂದು ಚೊಂಬು ನೀರಲ್ಲಿ ಸೋಪು ಪೂರ್ತಿ ಹೋಗಿರಲಿಲ್ಲ. ಹಾಗೇ ಫ್ಯಾನಿನ ಕೆಳಗೆ ಒಣಗಿತ್ತು. ಬೆಳಿಗ್ಗೆ ಅವಸರದಲ್ಲಿ ಅವಳು ನೋಡಿರಲಿಲ್ಲ.

ಡಬ್ಬಿಯಲ್ಲಿ ಸೋಪಿನ ಒಂದು ತುಂಡೂ ಅರ್ಧ ನಿಂಬೆಹಣ್ಣೂ ಇದ್ದವು. ಒಂದು ಕಲೆಯ ಮೇಲೆ ನಿಂಬೆಯ ಎರಡು ಹನಿ ಹಿಂಡಿದಳು. ಕೆಂಪು ಹೋಗಿ ಹಳದಿಯಾಯಿತು.

"ಯಪ್ಪಾ," ಎಂದ ಅಮಿತ.

ನಾಹೀದ ಡಬ್ಬಿ ಹಿಡಿದು ಅಪ್ಪಣೆ ಕೇಳದೇ ಕ್ಲಾಸಿನೊಳಗೆ ನುಗ್ಗಿದಳು.

"ಸರ್, ಇದು ಪಾನ್ ಅಲ್ರಿ. ಅರಿಶಿಣ. ಸೋಪು ಹತ್ತಿ ಕೆಂಪಾಗ್ಯಾದ. ನೋಡ್ರಿ." ಎರಡನೇ ಕಲೆಯ ಮೇಲೆ ನಿಂಬೆ ಹಿಂಡಿದಳು. ಅದೂ ಹಳದಿಯಾಯಿತು.

"ಲಿಂಬಿಗಿ ಪಾನಿನ ಕಲೀನೂ ಹೋಗಬಹುದಲ್ಲ," ಎಂದರು ಸರ್.

"ಹೋದದ್ದು ತಿರುಗಿ ಬರ್ತದೇನ್ರಿ?"

ಡಬ್ಬಿಯಿಂದ ಸೋಪಿನ ತುಂಡು ತೆಗೆದು, ಐಶ್ವರ್ಯಾಳ ಬಾಟಲಿಯ ನೀರಲ್ಲಿ ತೋಯಿಸಿ ಅದೇ ಜಾಗಕ್ಕೆ ತಿಕ್ಕಿದಳು. ಹಳದಿ ಮತ್ತೆ ಕೆಂಪಾಯಿತು. ಮುಂದಿನ ಬೆಂಚಿನವರು ಎದ್ದು ನಿಂತರು.

"ಹೋದ ವಾರ ನೀವೇ ಕಲಿಸೀರಿ ಸರ್. ಆಮ್ಲ, ಪ್ರತ್ಯಾಮ್ಲ. ಟೆಸ್ಟ್ ಮಾಡದೇ ಹೇಳಬಾರದು ಅಂತ ನೀವೇ ಬೋರ್ಡಿನ ಮ್ಯಾಲ ಬರ್ದಿದ್ರಿ." ಅವಳು ದುಪಟ್ಟಾವನ್ನು ಅವರ ಮುಂದೆ ಹಿಡಿದಳು. "ನಂದು ಯಾಕ ಟೆಸ್ಟ್ ಮಾಡಲಿಲ್ರಿ? ಅಬ್ಬಾಂದು ಪಾನ್‌ಶಾಪ್ ಅದ ಅಂತೇನ್ರಿ?"

ಸರ್ ಕನ್ನಡಕ ತೆಗೆದು ಒರೆಸಿದರು. ಹಾಕಿಕೊಂಡು ಕಲೆಯನ್ನು ಹತ್ತಿರದಿಂದ ನೋಡಿದರು.

"ಹೌದು, ಟೆಸ್ಟ್ ಮಾಡಲಿಲ್ಲ," ಎಂದರು. ಮೇಜಿನ ಮೇಲಿನ ಹಾಳೆ ತೆಗೆದುಕೊಂಡು, "ತಪ್ಪಾತು. ಸೋಮವಾರ ಇದನ್ನೇ ಮಾಡಿ ತೋರಸು," ಎಂದರು.

ಹಾಳೆಯಲ್ಲಿ ಅವಳ ಹೆಸರನ್ನು ಮತ್ತೆ ಬರೆದರು. ಡಸ್ಟರ್ ತೆಗೆದುಕೊಂಡು ಬೋರ್ಡಿನ ಮೇಲಿನ "ನಾಹೀದ" ಅಳಿಸಿದರು.

"ಹೋಗು, ಕೂಡು."

ಐಶ್ವರ್ಯಾ ಸರಿದು ಜಾಗ ಕೊಟ್ಟಳು. ನಾಹೀದ ಕುಳಿತಳು. ಗೆದ್ದೆ ಅನ್ನಿಸಿತು.

ತಲೆ ಎತ್ತಿದರೆ ಬೋರ್ಡಿನ ಮೇಲೆ ಒಂದೇ ಹೆಸರು ಉಳಿದಿತ್ತು. ಹಿಂದೆ ಯಾರೋ ಪಿಸುಗುಟ್ಟಿದರು: "ಹಂಗಾರ ಅಂವನೇ. ಹಲ್ಲು ನೋಡಿಲ್ಲೇನು?"

ಕಿಟಕಿಯಾಚೆ ಅಮಿತ ಕಂಬಕ್ಕೆ ಒರಗಿ ಹಾಗೇ ನಿಂತಿದ್ದ. ಕೈ ಬಾಯಿಯ ಮೇಲೇ ಇತ್ತು.

ನಾಹೀದಳ ಕೈಯಲ್ಲಿ ಹಿಂಡಿ ಉಳಿದ ನಿಂಬೆಯ ಸಿಪ್ಪೆಯಿತ್ತು. ಹಲ್ಲಿನ ಪಟ್ಟೆಗೆ ಅದರಿಂದ ಏನೂ ಆಗದು. ಅವಳು ಅದನ್ನು ಡಬ್ಬಿಯೊಳಗಿಟ್ಟು ಎದ್ದು ನಿಂತಳು.

"ಮತ್ತೇನು?" ಸರ್ ಕೇಳಿದರು.

"ಸರ್, ಅಮಿತನ ಹೆಸರು ನಾನೇ ಹೇಳಿದ್ದು. ಅಂವ ಉಗುಳಿದ್ದು ನಾ ನೋಡಿಲ್ರಿ."

"ಹಂಗಾದ್ರ ಯಾಕ ಹೇಳ್ದಿ?"

"ಹಲ್ಲು ನೋಡಿ ಹೇಳ್ದೆರಿ." ದನಿ ಸಣ್ಣದಾಯಿತು. "ಅವರೂರಿನ ಬೋರಿನ ನೀರಿಗಿ ಹಂಗ ಆಗ್ಯಾದಂತ. ಅಂವ ಹೇಳ್ದ. ನಾ ಕಿವಿಗಿ ಹಾಕ್ಕೊಳ್ಳಲಿಲ್ರಿ."

ಅವಳು ಮುಂದೆ ಹೋಗಿ ಕೈ ಚಾಚಿದಳು.

"ಡಸ್ಟರ್ ಕೊಡ್ರಿ ಸರ್."

ಸರ್ ಕೊಟ್ಟರು. ಆಮೇಲೆ ಬಾಗಿಲ ಹತ್ತಿರ ಹೋಗಿ, "ಅಮಿತ, ಒಳಗ ಬಾ," ಎಂದರು.

ನಾಹೀದ ಹೆಸರು ಅಳಿಸಿದಳು. ಸರ್ ಗಟ್ಟಿಯಾಗಿ ಒತ್ತಿ ಬರೆದಿದ್ದರು; "ಅಮಿತಕುಮಾರ" ಮಸುಕಾಗಿ ಇನ್ನೂ ಕಾಣುತ್ತಿತ್ತು. ಮತ್ತೊಮ್ಮೆ ಉಜ್ಜಿದಳು. ಆಗಲೂ ಕಾಣುತ್ತಿತ್ತು. ಅಮಿತ ಒಳಗೆ ಬರುವುದರೊಳಗೆ ದುಪಟ್ಟಾದ ಒದ್ದೆ ಚುಂಗು ಹಿಡಿದು, ಒಂದು ಅಕ್ಷರವೂ ಉಳಿಯದ ಹಾಗೆ ಒರೆಸಿದಳು.