ಕೂಸಿನ ಹಾಲಿಗೆ ಬೆರೆತದ್ದು

ಹೇಮಶ್ರೀಯ ಎರಡು ತಿಂಗಳ ಕೂಸು ತೊಟ್ಟಿಲಲ್ಲಿ ನೀಲಿಗಟ್ಟಿ ಮಲಗಿತ್ತು. ತುಟಿ ನೀಲಿ, ಉಗುರು ನೀಲಿ. ಅಳುವುದಕ್ಕೂ ತ್ರಾಣವಿರಲಿಲ್ಲ. ಬೆಳಗ್ಗೆ ಎಂಟಕ್ಕೆ ಆಂಬುಲೆನ್ಸ್ ತಾಯಿ ಮಗುವನ್ನು ಹತ್ತಿಸಿಕೊಂಡು ಹಂಪಾಪುರ ದಾಟಿ ಮೈಸೂರಿಗೆ ಓಡಿತು. ಹತ್ತರ ಹೊತ್ತಿಗೆ ಊರೆಲ್ಲ ಒಂದೇ ಮಾತು— ಶುದ್ಧ ನೀರಿನ ಘಟಕಕ್ಕೆ ಯಾರೋ ವಿಷ ಹಾಕಿದ್ದಾರೆ!

ಘಟಕ ನೋಡಿಕೊಳ್ಳುತ್ತಿದ್ದವನು ಪ್ರಭುಸ್ವಾಮಿ. ಊರಿನ ಬಾವಿ, ಬೋರ್‌ವೆಲ್ ನೀರು ಕುಡಿಯಲು ಯೋಗ್ಯವಲ್ಲ ಎಂದು ವರದಿ ಬಂದಮೇಲೆ ಎಲ್ಲರಿಗೂ ಈ ಘಟಕದ ನೀರೇ ಗತಿ. ಬೀಗದ ಕೈ ಇದ್ದದ್ದು ಅವನೊಬ್ಬನ ಬಳಿ. ಒಳಗೊಳಗೇ ಕೊರೆಯುತ್ತಿದ್ದುದು ಮತ್ತೊಂದು— ಫಿಲ್ಟರ್ ಬದಲಿಸುವ ದಿನ ದಾಟಿ ಹತ್ತು ದಿನವಾಗಿತ್ತು. ನಾಳೆ ನಾಳೆ ಎಂದು ತಳ್ಳಿದ್ದ. ತನ್ನಿಂದಲೇ ಆಯಿತೇ?

"ಏನ್ಲಾ ಕಲಸ್ದೆ ನೀರ್ಗೆ?" ಕೂಸಿನ ಚಿಕ್ಕಪ್ಪ ಮಲ್ಲೇಶ್ ಅವನ ಕೊರಳಪಟ್ಟಿ ಹಿಡಿದ. "ಕೂಸ್ಗೇನಾರಾ ಆಗ್ಲಿ, ನಿನ್ನ ಉಳಿಸಾಕಿಲ್ಲ!"

"ಬಿಡಿ ಅವರನ್ನ!" ನರ್ಸ್ ಉಷಾರಾಣಿ ಸ್ಕೂಟರಿನಿಂದ ಇಳಿದಳು. "ಡಾಕ್ಟರ್ ಫೋನ್ ಮಾಡಿದ್ರು. ಕೂಸಿನ ರಕ್ತ ಕಂದು ಬಣ್ಣಕ್ಕೆ ತಿರುಗಿದೆಯಂತೆ. ಅದು ಏನು ಕುಡೀತು ಅಂತ ಈಗಲೇ ಗೊತ್ತಾಗ್ಬೇಕು."

ಚೀಲದಿಂದ ನೀರು ಪರೀಕ್ಷಿಸುವ ಕಾಗದದ ಪಟ್ಟಿ ತೆಗೆದು ಘಟಕದ ನೀರಿನಲ್ಲಿ ಅದ್ದಿದಳು. ಬಣ್ಣ ಬದಲಾಗಲಿಲ್ಲ. "ಇಲ್ಲೇನೂ ಇಲ್ಲ. ನಡೀರಿ ಪ್ರಭು, ಮನೆ ನೋಡೋಣ."

ಮಲ್ಲೇಶನೂ ಊರವರೂ ಬೀದಿಯಲ್ಲೇ ಕಾದು ನಿಂತರು. ಒಳಗೆ ಹೇಮಶ್ರೀಯ ಅತ್ತೆ ಪುಟ್ಟಮಲ್ಲಮ್ಮ ಒಲೆಯ ಮುಂದೆ ಕೂತು ಅಳುತ್ತಿದ್ದಳು.

"ಹಾಲಿನ ಪುಡಿ ಕಲಸೋದು ಯಾರು?" ಉಷಾರಾಣಿ ಕೇಳಿದಳು.

"ನಾನೇ ಕಣವ್ವ. ಸೊಸೆಗೆ ಎದೆಹಾಲು ಸಾಲ್ದು."

"ಯಾವ ನೀರು?"

"ಅಗೋ... ಮಿಷನ್ ನೀರಿನ ಕ್ಯಾನು ಅಲ್ಲೇ ಅದೆಯಲ್ಲ."

"ಕಾಯಿಸ್ತೀರಾ?"

"ಕಾಯಿಸ್ದೆ ಕೊಟ್ಟೇನಾ? ಅರ್ಧಕ್ಕೆ ಇಳಿಯೋಗಂಟ ಕುದಿಸ್ತೀನಿ!"

ಉಷಾರಾಣಿ ಒಲೆಯ ಮೇಲಿನ ಪಾತ್ರೆ ಎತ್ತಿ, ತಳವನ್ನು ಉಗುರಿನಿಂದ ಕೆರೆದಳು. ಬಿಳಿ ಚಕ್ಕೆ ಎದ್ದಿತು. "ಪ್ರಭು, ಘಟಕದ ನೀರು ಕಾಯಿಸಿದ್ರೆ ಇಷ್ಟು ದಪ್ಪ ಪೊರೆ ಕಟ್ಟುತ್ತಾ?"

"ಇಲ್ಲ ಮೇಡಂ. ಸುಣ್ಣದ ಅಂಶ ಮಿಷನ್ನಲ್ಲೇ ಓಯ್ತದೆ. ಇದು— ಇದು ಬಾವಿ ನೀರು ಕಣ್ರಿ!"

ಹಿತ್ತಲಿಗೆ ಹೋದರೆ, ಬಾವಿಗೆ ಅಂಟಿಕೊಂಡಂತೆ ತಿಪ್ಪೆ. ಆ ನೀರಿಗೆ ಅದ್ದಿದ ಪಟ್ಟಿ ಕಡುಗುಲಾಬಿಯಾಯಿತು. ಉಷಾರಾಣಿ ಆಗಲೇ ಫೋನಿನಲ್ಲಿದ್ದಳು. "ನೈಟ್ರೇಟ್ ಸರ್. ಬಾವಿ ನೀರು."

ಫೋನ್ ಇಟ್ಟು, ಒಳಬಂದು ಮುದುಕಿಯ ಪಕ್ಕ ಕೂತಳು. "ಎಲ್ಲರೂ ಘಟಕ ನೋಡಿದ್ರು, ಕ್ಯಾನ್ ನೋಡಿದ್ರು. ಪಾತ್ರೆ ಯಾರೂ ನೋಡ್ಲಿಲ್ಲ. ತಿಪ್ಪೆಯ ವಿಷ ಬಾವಿಗೆ ಇಳಿದಿದೆ. ಕುದಿಸಿದ್ರೆ ನೀರು ಆವಿಯಾಗುತ್ತೆ, ವಿಷ ಉಳಿದು ಗಟ್ಟಿಯಾಗುತ್ತೆ. ದೊಡ್ಡವರು ತಡೀಬಹುದು, ಹಸುಗೂಸು ತಡೆಯಲ್ಲ. ಕೊಟ್ಟವರು ನೀವೇ ಅಮ್ಮ."

"ಮಿಷನ್ ನೀರು ಸಪ್ಪೆ, ಶೀತ ಆಯ್ತದೆ ಅಂದ್ಕಂಡೆ. ನನ್ನ ಐದು ಮಕ್ಳೂ ಈ ಬಾವಿ ನೀರಲ್ಲೇ ಬೆಳೆದೋ..."

ಅರ್ಧ ಗಂಟೆಯಲ್ಲಿ ಆಸ್ಪತ್ರೆಯಿಂದ ಫೋನ್ ಬಂತು. ಔಷಧಿ ಹಿಡಿದಿದೆ, ತುಟಿ ಕೆಂಪಾಗುತ್ತಿದೆ. ಪ್ರಭುಸ್ವಾಮಿಗೆ ಹೋದ ಜೀವ ಬಂದಂತಾಯಿತು. ಮುದುಕಿಯ ಮುಖ ಕಂಡು ನಾಚಿಕೆಯೂ ಆಯಿತು.

ಅವಳು ಉಷಾರಾಣಿಯ ಕೈ ಹಿಡಿದಳು. "ಸೊಸೆಗೆ ಯೋಳ್ಬ್ಯಾಡ ಕಣವ್ವ. ಯಾರೋ ವಿಷ ಆಕುದ್ರು ಅಂತ್ಲೇ ಇರ್ಲಿ."

ಬೀದಿಯಲ್ಲಿ ಪ್ರಭುಸ್ವಾಮಿಯ ಹೆಸರು ಹಿಡಿದು ಕೂಗುತ್ತಿದ್ದರು. ಅವನು ಮುದುಕಿಯತ್ತ ತಿರುಗಿದ. "ಅಂಗಾದ್ರೆ ನಾನು, ಅಮ್ಮ?"

ಪುಟ್ಟಮಲ್ಲಮ್ಮ ಅವನನ್ನೇ ನೋಡಿದಳು. ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು, ಗೋಡೆ ಹಿಡಿದುಕೊಂಡು ಜಗಲಿಗೆ ಹೋದಳು.

"ಪ್ರಭು ಏನೂ ಮಾಡ್ನಿಲ್ಲ ಕಣ್ರಪ್ಪ," ಎಂದಳು. "ಕುಡಿಸ್ದೋಳು ನಾನೇ."