ಅಂಚಿನಲ್ಲಿ ಏಳು ಅಕ್ಷರ

"ಜಿಂಕೆ ಮುಟ್ಟು, ಬೇಟೆನಾಯಿ ಮುಟ್ಟು, ರಾಜನ ಕುದುರೆ ಬೇಕಾದ್ರೂ ಮುಟ್ಟು. ಅಂಚಲ್ಲಿರೋ ಹೆಸರು ಮಾತ್ರ ಮುಟ್ಬೇಡ ಮಗಾ."

ಲಿಯೋನಿ ಮುದುಕಿಯ ಮಾತಿಗೆ ಬಾಸ್ತಿಯೆನ್ ದೊಡ್ಡದಾಗಿ ಆಕಳಿಸಿದ. ಅವಳ ಗೋಡೆಯ ಮೇಲಿದ್ದ ಮುನ್ನೂರು ವರ್ಷ ಹಳೆಯ ಚಿತ್ರನೇಯ್ಗೆಯ ಪರದೆಯನ್ನು ರಿಪೇರಿ ಮಾಡಲು ಅವನು ಪ್ಯಾರಿಸ್ಸಿನಿಂದ ಕ್ರೂಜ್ ನದಿ ದಂಡೆಯ ಈ ನೇಕಾರರ ಊರಿಗೆ ಬಂದು ಮೂರೇ ದಿನ.

"ಮುಟ್ಟಿದ್ರೆ ಏನು ಮದಾಮ್, ಜಿಂಕೆ ಬಂದು ಕಚ್ಚುತ್ತಾ?"

"ಇದು ರಾಜನ ಮಗ್ಗದ್ದು. ಹನ್ನೊಂದು ವರ್ಷ ನೇಯ್ದವನು ಕೊನೆಗೆ ಅಂಚಲ್ಲಿ ತನ್ನ ಹೆಸರು ನೇಯ್ದ. ರಾಜನ ಲಾಂಛನದ ಲಿಲ್ಲಿ ಹೂವಿನ ಪಕ್ಕ ಕೂಲಿಯವನ ಹೆಸರಾ ಅಂತ ಮೇಸ್ತ್ರಿ ಕಿತ್ತು ಹಾಕ್ದ. ಬೆರಳೂ ಕತ್ತರಿಸ್ದ. ನೇಕಾರ ಆ ರಕ್ತನ ದಾರಕ್ಕೆ ಹಚ್ಚಿ ಮಾಟ ಮಾಡ್ದ. ಹೆಸರು ಕಿತ್ತವನ ಹೆಸರೇ ಅಲ್ಲಿ ಕೂರಲಿ, ಅವನೂ ಜೊತೆಗೇ ಕೂರಲಿ ಅಂತ."

"ಸೂಪರ್! ಇಂಟರ್ವೆಲ್ ಯಾವಾಗ?" ಬಾಸ್ತಿಯೆನ್ ಕಾಲರ್ ಎತ್ತಿದ. "ಒಂದ್ ಮಾತು ಬರ್ಕೊಳ್ಳಿ ಮದಾಮ್. ಈ ಬಾಸ್ತಿಯೆನ್ ಕತ್ತರಿ ಎತ್ತಿದ್ರೆ ದೆವ್ವನೂ ದಾರ ಬಿಟ್ಟು ಓಡುತ್ತೆ!"

ಮುದುಕಿ ನಗಲಿಲ್ಲ. ಸೂಪು ಬಿಸಿ ಮಾಡುತ್ತೇನೆಂದು ಒಳಗೆ ಹೋದಳು. ಹೋಗುವಾಗ ತನ್ನ ಚೂಪು ಕತ್ತರಿಯನ್ನು ಅವನ ಕೈಗೆಟುಕುವಂತೆ ಮೇಜಿನ ಮೇಲಿಟ್ಟಳು.

ಅವನು ಪರದೆಯನ್ನು ಮೇಜಿನ ಮೇಲೆ ಬೋರಲು ಹಾಕಿ ಲೈನಿಂಗ್ ಬಟ್ಟೆ ಬಿಚ್ಚಿದ. ಮುಗ್ಗಲು ಉಣ್ಣೆಯ, ಸತ್ತ ಇಲಿಯ ವಾಸನೆ ಗಪ್ಪೆಂದು ಮುಖಕ್ಕೆ ಬಡಿಯಿತು. ಬಿಸಿಲಿಗೆ ಮಾಸಿದ್ದು ಮುಂಭಾಗ ಮಾತ್ರ. ಹಿಂಭಾಗದಲ್ಲಿ ಜಿಂಕೆಯ ಗಾಯ ಈಗಷ್ಟೇ ಕುಯ್ದ ಮಾಂಸದಂತೆ ಕೆಂಪಗಿತ್ತು. ಅಂಚಿನಲ್ಲಿ ಫ್ರೆಂಚ್ ಲಿಪಿಯ ಏಳು ಕಪ್ಪು ಅಕ್ಷರ: ಎತಿಯೆನ್. ಅವು ಮಾತ್ರ ಎರಡೂ ಕಡೆ ಒಂದೇ ಕಪ್ಪು. ಒಂದಿಷ್ಟೂ ಮಾಸಿರಲಿಲ್ಲ.

"ಅಸಲಿ ಮಾಲಿಗೆ ನಕಲಿ ಹೆಸರಾ? ಆಮೇಲೆ ಯಾವನೋ ತುರುಕಿದ್ದು!" ಅವನು ಕತ್ತರಿ ಎತ್ತಿದ.

ಟಿಕ್. ಮೊದಲ ಅಕ್ಷರ ಬಂತು. ಸುಟ್ಟ ಕೂದಲಿನ ವಾಸನೆ.

ಎರಡನೆಯದು. ಹೆಬ್ಬೆರಳು ಜುಮ್ಮೆಂದಿತು. ನೋಡಿಕೊಂಡ. ಬೆರಳಚ್ಚಿನ ಸುರುಳಿಗಳಿರಲಿಲ್ಲ. ನೆಟ್ಟಗೆ, ಸಾಲಾಗಿ, ಮಗ್ಗಕ್ಕೆ ಬಿಗಿದ ಹಾಸುದಾರದಂಥ ಗೆರೆಗಳಿದ್ದವು.

ಸಾಕು ಎಂದುಕೊಂಡ. ಕೈ ಸಾಕೆನ್ನಲಿಲ್ಲ. ಟಿಕ್. ಟಿಕ್. ಮೊಣಕೈವರೆಗೆ ಚರ್ಮ ಉಣ್ಣೆಯಾಯಿತು. ಟಿಕ್. "ಮದಾಮ್!" ಎಂದು ಕೂಗಿದ. ಬಾಯಿಂದ ಬಂದದ್ದು ದಾರದ ಉಂಡೆ. ಟಿಕ್. ಎದೆಯಿಂದ ಕಪ್ಪು ಎಳೆಯೊಂದು ಹೊರಟಿತು. ಖಾಲಿ ಅಂಚಿಗೆ ತಾನೇ ನುಗ್ಗಿತು. ಮೇಲೆ. ಕೆಳಗೆ. ಮೇಲೆ. ಕೆಳಗೆ. ಅವನು ಕರಗುತ್ತ ಓದಿದ. ತನ್ನದೇ ಹೆಸರು. ಕೊನೆಯ ಟಿಕ್.

ಮುದುಕಿ ಹೊರಬಂದಳು. ಕೈಯಲ್ಲಿ ಸೂಪು ಇರಲಿಲ್ಲ. ತುಟಿಗೆ ಕೆಂಪು ಹಚ್ಚಿಕೊಂಡಿದ್ದಳು.

ಕುರ್ಚಿ ಖಾಲಿ. ಅಂಚಿನಲ್ಲಿ ಹೊಸ ಏಳು ಅಕ್ಷರ: ಬಾಸ್ತಿಯೆನ್. ನೆಲದ ಮೇಲೆ ಹಳೇ ಫ್ಯಾಶನ್ನಿನ ಬೆಲ್‌ಬಾಟಮ್ ಪ್ಯಾಂಟಿನ ಯುವಕನೊಬ್ಬ ಬಿದ್ದು ಉಣ್ಣೆ ಕೆಮ್ಮುತ್ತಿದ್ದ. ಎತಿಯೆನ್. ಮದುವೆಯಾದ ಮೂರನೇ ವಾರಕ್ಕೆ ಹೀಗೇ ನಗುತ್ತ ಕತ್ತರಿ ಎತ್ತಿದ್ದ ಅವಳ ಗಂಡ.

ಅವಳು ಬಗ್ಗಿ ಅಂಚಿಗೆ ಪಿಸುಗುಟ್ಟಿದಳು. "ಹೊಸಬ ಒಳಗೆ ಹೋದ್ರೇನೇ ಹಳಬ ಹೊರಗೆ ಬರೋದು. ನಲವತ್ತಾರು ವರ್ಷ ಬಂದ್ಬಂದವರನ್ನೆಲ್ಲ ಕೀಳಪ್ಪಾ, ಕೀಳಪ್ಪಾ ಅಂತ ಬೇಡ್ಕೊಂಡೆ. ಎಲ್ರೂ ಹೆದ್ರಿ ಓಡಿದ್ರು. ಈ ಸಲ ಮುಟ್ಬೇಡ ಅಂದೆ ನೋಡು, ನೀನು ಸಿಕ್ಕಿದೆ."

ಮೇಜಿನ ಕೆಳಗೆ ಬಾಸ್ತಿಯೆನ್‌ನ ಮೊಬೈಲ್ ಹೊಡೆದುಕೊಂಡಿತು. ಮುದುಕಿ ಎತ್ತಿದಳು. ಆ ಕಡೆಯಿಂದ ಅವನ ತಾಯಿಯ ದನಿ: ಬಾಸ್ತಿಯೆನ್ ಇಲ್ವಾ? ಮಗ ಊಟ ಮಾಡಿದ್ನಾ?

"ಆ ಹೆಸರಿನವರು ಇಲ್ಲಿ ಯಾರೂ ಇಲ್ಲಮ್ಮ," ಎಂದು ಮುದುಕಿ ಫೋನ್ ಇಟ್ಟಳು. ಗಾಳಿಯಿರಲಿಲ್ಲ. ಆದರೂ ಬಟ್ಟೆಯ ಅಂಚು ಪಟಪಟ ಬಡಿದುಕೊಂಡಿತು.

ಆಮೇಲೆ ಅವಳು ಎತಿಯೆನ್‌ನ ಕೆನ್ನೆ ಮುಟ್ಟಿದಳು. ಇಪ್ಪತ್ತಾರರ ಕೆನ್ನೆ. ಅವನು ಬೆಚ್ಚಿ ಹಿಂದೆ ಸರಿದ. ಆ ಸುಕ್ಕು ಮುಖ, ಆ ಕೆಂಪು ತುಟಿ ನೋಡಿ ಮೂಗು ಮುರಿದ.

"ಏ ಅಜ್ಜಿ, ಯಾರು ನೀನು? ನನ್ನ ಹೆಂಡ್ತಿ ಎಲ್ಲಿ? ಲಿಯೋನಿ?"

ಮುದುಕಿ ತೋಳಿನಿಂದ ತುಟಿ ಒರೆಸಿಕೊಂಡಳು. ಸೂಜಿಗೆ ದಾರ ಪೋಣಿಸಿ, ಬಡಿದುಕೊಳ್ಳುತ್ತಿದ್ದ ಅಂಚಿನ ಮೇಲೆ ಲೈನಿಂಗ್ ಎಳೆದು ಹೊಲಿಯತೊಡಗಿದಳು.

"ಆ ಹೆಸರಿನವಳು ಇಲ್ಲಿ ಯಾರೂ ಇಲ್ಲಪ್ಪ."